ವೇಲ್ಸ್ ಗುಡ್ಡದ ಮೇಲೆ ಟಿಪ್ಪುವಿನ ಡೇರೆ

ಟಿಪ್ಪು ಸುಲ್ತಾನನ ಡೇರೆ ನೋಡಬೇಕೆಂದು ಶ್ರೀರಂಗಪಟ್ಟಣಕ್ಕೆ ಹೋದರೆ ಅದು ಅಲ್ಲಿಲ್ಲ. ಮೈಸೂರಿನ ಯಾವ ಅರಮನೆಯಲ್ಲೂ ಇಲ್ಲ. ಅದು ಇರುವುದು ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಿ, ವೆಲ್ಷ್‌ಪೂಲ್ ಎಂಬ ಪುಟ್ಟ ಊರಿನ ಮಗ್ಗುಲಿಗಿರುವ ಪೋವಿಸ್ ಕೋಟೆಯಲ್ಲಿ. ಕೋಟೆ ಎಂದರೆ ಹೆಸರಿಗೆ ಕೋಟೆ. 13ನೇ ಶತಮಾನದಲ್ಲಿ ವೇಲ್ಸಿನ ರಾಜರು ಕಟ್ಟಿಸಲು ಶುರು ಮಾಡಿದ ಕೆಂಪು ಕಲ್ಲಿನ ಕಟ್ಟಡ ಅದು. ಕಾಲಕಾಲಕ್ಕೆ ಗೋಡೆ ಕೆಡವಿ, ಕಿಟಕಿ ಇಟ್ಟು, ತೋಟ ಬೆಳೆಸಿ, ಕೊನೆಗೆ ಜಮೀನ್ದಾರರ ಹಳ್ಳಿಮನೆಯಾಗಿ ಉಳಿದುಕೊಂಡಿದೆ.

ತಂಗಿಯ ಸಂಸಾರ ಬರ್ಮಿಂಗ್‌ಹ್ಯಾಮಿನಲ್ಲಿದೆ. ಕೆಲವು ವರ್ಷಗಳ ಹಿಂದೆ ಬೇಸಿಗೆಯಲ್ಲಿ ನಾನು ಅಲ್ಲಿಗೆ ಹೋಗಿದ್ದಾಗ ಒಂದು ದಿನ ಅವಳ ಮಗಳು ಪುಟ್ಟಿಯನ್ನೂ ಕರೆದುಕೊಂಡು ಹೊರಟೆವು. ಪುಟ್ಟಿಗೆ ಆಗ 12 ವರ್ಷ. ಈ 12 ವರ್ಷದ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಬರ್ಮಿಂಗ್‌ಹ್ಯಾಮಿನಿಂದ ರೈಲಿನಲ್ಲಿ ಒಂದೂವರೆ ಗಂಟೆಯ ದಾರಿ. ಸ್ಟೇಷನ್ನಿನಿಂದ ಕೋಟೆಗೆ ನಡೆದೇ ಹೋಗಬಹುದು. ಅಂಗಳಕ್ಕೆ ಕಾಲಿಡುತ್ತಿದ್ದಂತೆ ನಮ್ಮನ್ನು ಎದುರುಗೊಂಡದ್ದು ಮನುಷ್ಯರಲ್ಲ, ನವಿಲುಗಳು! ಬಾಲ ಎಳೆದುಕೊಂಡು, ಪ್ರವಾಸಿಗರ ಕೈಯಲ್ಲಿರುವ ತಿಂಡಿಯ ಮೇಲೆ ಕಣ್ಣಿಟ್ಟು ತಿರುಗುತ್ತಿದ್ದವು. “ದೊಡ್ಡಮ್ಮ, ಇವೂ ಇಂಡಿಯಾದವೇ ಅಲ್ವಾ?” ಎಂದಳು ಪುಟ್ಟಿ. ಹೌದು, ನವಿಲಿನ ತವರೂ ನಮ್ಮದೇ.

ಒಳಗೆ ಹೋಗುವ ಮುಂಚೆ ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಪೋವಿಸ್ ಎಂದ ಕೂಡಲೇ ಪ್ಲಾಸಿ ಕದನದ ರಾಬರ್ಟ್ ಕ್ಲೈವ್‌ನ ಮನೆ ಎಂದುಕೊಳ್ಳುವವರು ಬಹಳ. ಅವನು 1774ರಲ್ಲೇ ಸತ್ತ, ಈ ಮನೆ ಅವನದಾಗಿರಲೇ ಇಲ್ಲ. ಅವನ ಮಗ ಎಡ್ವರ್ಡ್ ಕ್ಲೈವ್ 1784ರಲ್ಲಿ ಮದುವೆಯಾದದ್ದು ಈ ಮನೆಯ ಮಗಳು ಹೆನ್ರಿಯೆಟ್ಟಾಳನ್ನು. ಮಕ್ಕಳಿಲ್ಲದ ಅವಳ ಅಣ್ಣ 1801ರಲ್ಲಿ ತೀರಿಕೊಂಡಾಗ ಕೋಟೆ ಈ ಕಡೆಗೆ ಬಂತು. ಕ್ಲೈವ್ ಮನೆತನದಲ್ಲಿ ಹಣವಿತ್ತು, ಪೋವಿಸ್ ಮನೆತನದಲ್ಲಿ ಹೆಸರಿತ್ತು. ಎರಡೂ ಕೂಡಿದವು. ಅಪ್ಪ ಬಂಗಾಳದಿಂದ ತಂದದ್ದು, ಮಗ ಸೊಸೆ ದಕ್ಷಿಣ ಭಾರತದಿಂದ ತಂದದ್ದು ಎಲ್ಲ ಒಂದೇ ಸೂರಿನಡಿ ಸೇರಿತು.

ಆ ಮಗ ಎಡ್ವರ್ಡ್ 1798ರಿಂದ 1803ರವರೆಗೆ ಮದರಾಸಿನ ಗವರ್ನರ್ ಆಗಿದ್ದ. ಅಂದರೆ 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಮದರಾಸಿನ ಕುರ್ಚಿಯಲ್ಲಿ ಕೂತಿದ್ದವನು ಇವನೇ. ಅಂದು ಸಂಜೆ, ರಾತ್ರಿ ಸೈನಿಕರು ಊರನ್ನು ಕೊಳ್ಳೆ ಹೊಡೆದದ್ದು ನಿಮಗೆ ಗೊತ್ತಿರುತ್ತದೆ. ಕೊಳ್ಳೆಯನ್ನು ನಿಲ್ಲಿಸಲು ಆರ್ಥರ್ ವೆಲ್ಲೆಸ್ಲಿ ಕೆಲವರನ್ನು ಗಲ್ಲಿಗೆ ಹಾಕಬೇಕಾಯಿತು. ಆಮೇಲೆ ನಡೆದದ್ದು ಕ್ರಮಬದ್ಧ ಕೊಳ್ಳೆ. ಅರಮನೆಯಲ್ಲಿ ಸಿಕ್ಕಿದ್ದನ್ನೆಲ್ಲ ಪಟ್ಟಿ ಮಾಡಿ, ಬೆಲೆ ಕಟ್ಟಿ, ದರ್ಜೆಯ ಪ್ರಕಾರ ಹಂಚಿಕೊಂಡರು. ಟಿಪ್ಪುವಿನ ಎಂಟು ಮೂಲೆಯ ಹುಲಿ ಸಿಂಹಾಸನವನ್ನು ಹಾಗೇ ಹಂಚಲು ಆಗುವುದಿಲ್ಲವಲ್ಲ, ಒಡೆದು ತುಂಡು ಮಾಡಿದರು. ಸಿಂಹಾಸನದ ಮುಂದಿದ್ದ ದೊಡ್ಡ ಹುಲಿಯ ತಲೆ, ಮೇಲಿದ್ದ ಹುಮಾ ಹಕ್ಕಿ ಇಂಗ್ಲೆಂಡಿನ ರಾಜಮನೆತನಕ್ಕೆ ಹೋದವು. ಕಟಕಟೆಯ ಮೇಲಿದ್ದ ಎಂಟು ಪುಟ್ಟ ಹುಲಿ ತಲೆಗಳು ಚೆಲ್ಲಾಪಿಲ್ಲಿಯಾದವು. ಅವುಗಳಲ್ಲಿ ಒಂದು ಪೋವಿಸ್‌ನಲ್ಲಿದೆ.

ಅದರ ಮುಂದೆ ನಾವು ಬಹಳ ಹೊತ್ತು ನಿಂತಿದ್ದೆವು. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಚಿನ್ನದ ತಗಡಿನ ಮೇಲೆ ಮಾಣಿಕ್ಯ, ವಜ್ರ, ಪಚ್ಚೆ ಕೂರಿಸಿದ್ದಾರೆ. ಬಾಯಿ ತೆರೆದು ಹಲ್ಲು ತೋರಿಸುತ್ತಿದೆ. ನಮ್ಮ ಕಡೆಯ ಅಕ್ಕಸಾಲಿಗರ ಕೈ ಅದು, ನೋಡಿದರೆ ಗೊತ್ತಾಗುತ್ತದೆ. ಹುಲಿಯ ಮುಖದಲ್ಲಿ ಸಿಟ್ಟಿಗಿಂತ ಒಂದು ತುಂಟತನವೇ ಹೆಚ್ಚು. ನಮ್ಮ ಊರ ಹಬ್ಬದ ಹುಲಿವೇಷದವರ ಮುಖದ ಹಾಗೆ. ಇದರ ಒಡಹುಟ್ಟಿದ ಇನ್ನೊಂದು ತಲೆ 2009ರಲ್ಲಿ ಲಂಡನ್ನಿನಲ್ಲಿ ಹರಾಜಾದಾಗ 3 ಲಕ್ಷ 89 ಸಾವಿರ ಪೌಂಡಿಗೂ ಹೆಚ್ಚು ಬಂತು. ಅದು ಅದಕ್ಕೆ ಮುಂಚೆ ಇಂಗ್ಲೆಂಡಿನ ಇನ್ನೊಂದು ಹಳ್ಳಿಮನೆಯಲ್ಲಿ ಯಾರ ಕಣ್ಣಿಗೂ ಬೀಳದೆ ಕೂತಿತ್ತು.

ಭಾರತದ ವಸ್ತುಗಳಿಗೆಂದೇ ಇಲ್ಲಿ 1987ರಲ್ಲಿ ಕ್ಲೈವ್ ಮ್ಯೂಸಿಯಂ ಎಂಬ ಪ್ರತ್ಯೇಕ ಕೋಣೆ ಮಾಡಿದ್ದಾರೆ. ಕಪ್ಪು ಬಣ್ಣದ ಗಾಜಿನ ಬೀರುಗಳಿಗೆ ಮೊಘಲ್ ಕಮಾನಿನ ತಲೆ. ಒಳಗೆ ಕತ್ತಿಗಳು, ರತ್ನ ಕೂರಿಸಿದ ಹುಕ್ಕ, ದಂತದ ಕೆತ್ತನೆ, ಪಂಚಲೋಹದ ದೇವರುಗಳು. ಪ್ಲಾಸಿಯಲ್ಲಿ ಸಿರಾಜುದ್ದೌಲ ಬಿಟ್ಟು ಓಡಿದ ಪಲ್ಲಕ್ಕಿ ಎಂದು ಹೇಳುವ ಒಂದು ಪಲ್ಲಕ್ಕಿ ಕೂಡ ಈ ಮನೆಯಲ್ಲಿದೆ. ಈಸ್ಟ್ ಇಂಡಿಯಾ ಕಂಪನಿಯ ಕಥೆ ಬರೆದ ಇತಿಹಾಸಕಾರ ವಿಲಿಯಂ ಡ್ಯಾಲ್ರಿಂಪಲ್, ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲೂ ಇಷ್ಟು ಮೊಘಲ್ ವಸ್ತುಗಳು ಪ್ರದರ್ಶನಕ್ಕಿಲ್ಲ ಎನ್ನುತ್ತಾರೆ. ಅವರೇ ನೆನಪಿಸುವ ಇನ್ನೊಂದು ಮಾತು: ಇಂಗ್ಲಿಷಿನ ‘ಲೂಟ್’ ಎಂಬ ಪದವೇ ನಮ್ಮ ದೇಶದಿಂದ ಹೋದದ್ದು. ವಸ್ತುವಿನ ಜೊತೆಗೆ ಹೆಸರನ್ನೂ ಹೊತ್ತುಕೊಂಡು ಹೋದರು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಚಿನ್ನವಲ್ಲ, ಬಟ್ಟೆ.

ಟಿಪ್ಪುವಿನ ಡೇರೆ ಹತ್ತಿಯದು. ಬಿಳಿಯ ನೆಲದ ಮೇಲೆ ಸಾಲು ಸಾಲು ಕಮಾನುಗಳು, ಪ್ರತಿ ಕಮಾನಿನೊಳಗೂ ಒಂದು ಹೂದಾನಿ, ಹೂದಾನಿಯಿಂದ ಎರಡೂ ಕಡೆಗೆ ಸಮನಾಗಿ ಹರಡಿಕೊಂಡ ಕೆಂಪು ಹೂಗಳು. ಒಳಗೆ ಕೂತವನಿಗೆ ಸುತ್ತಲೂ ತೋಟವಿದ್ದ ಹಾಗೆ ಕಾಣಬೇಕು, ಅದು ಉದ್ದೇಶ. ಬಿರುಬಿಸಿಲಿನ ದಂಡಿನ ದಾರಿಯಲ್ಲಿ, ದೂಳಿನ ಮಧ್ಯೆ, ಎಲ್ಲಿ ಬೇಕೆಂದರಲ್ಲಿ ಬಿಚ್ಚಿ ನಿಲ್ಲಿಸಬಹುದಾದ ತೋಟ! ತಜ್ಞರು ಇದನ್ನು 1725 ಮತ್ತು 1750ರ ನಡುವೆ, ಬಹುಶಃ ಬುರ್ಹಾನ್‌ಪುರದಲ್ಲಿ ಮಾಡಿದ್ದು ಎನ್ನುತ್ತಾರೆ. ಹಾಗಾದರೆ ಈ ಡೇರೆ ಟಿಪ್ಪುವಿಗಿಂತಲೂ ಹಿರಿಯದು.

ಇಂಥ ಬಟ್ಟೆಗೆ ಇಂಗ್ಲಿಷಿನವರು ಚಿಂಟ್ಸ್ ಎನ್ನುತ್ತಾರೆ. ಕೇಳಿದೊಡನೆ ನನಗೆ ಅಜ್ಜಿ ನೆನಪಾದರು. ಹೂವಿನ ಅಚ್ಚು ಹಾಕಿದ ಬಟ್ಟೆಗೆಲ್ಲ ಅವರು ಚೀಟಿ ಬಟ್ಟೆ ಎನ್ನುತ್ತಿದ್ದರು. “ಚೀಟಿ ಲಂಗ ಹೊಲಿಸಿಕೊಡ್ತೀನಿ ಬಾ” ಎಂದರೆ ನಾವು ಕಾಗದದ ಚೀಟಿ ಎಂದುಕೊಂಡು ನಗುತ್ತಿದ್ದೆವು. ಎರಡೂ ಒಂದೇ ಮೂಲದ ಮಾತುಗಳು, ಚುಕ್ಕೆ ಚುಕ್ಕೆಯಾಗಿ ಬಣ್ಣ ಚಿಮುಕಿಸಿದ್ದು ಎಂಬ ಅರ್ಥದವು.

ಈ ಬಣ್ಣ ಹಾಕುವ ವಿದ್ಯೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ರೇಷ್ಮೆ, ಉಣ್ಣೆಗಳು ಬಣ್ಣವನ್ನು ಸುಲಭವಾಗಿ ಹಿಡಿಯುತ್ತವೆ. ಹತ್ತಿ ಹಾಗಲ್ಲ, ಹಟಮಾರಿ. ಸುಮ್ಮನೆ ಬಣ್ಣದ ನೀರಿನಲ್ಲಿ ಅದ್ದಿದರೆ ಮುಂದಿನ ಒಗೆತಕ್ಕೆ ಎಲ್ಲ ಹೋಗುತ್ತದೆ. ಅದಕ್ಕೆ ನಮ್ಮವರು ಕಂಡುಕೊಂಡ ಉಪಾಯ ಪಟಿಕ. ಎಲ್ಲಿ ಕೆಂಪು ಬೇಕೋ ಅಲ್ಲಿ ಮಾತ್ರ ಪಟಿಕದ ನೀರಿನಲ್ಲಿ ಚಿತ್ರ ಬರೆಯುವುದು, ಆಮೇಲೆ ಇಡೀ ಬಟ್ಟೆಯನ್ನು ಕೆಂಪು ಬೇರಿನ ನೀರಿನಲ್ಲಿ ಕುದಿಸುವುದು. ಪಟಿಕ ಇರುವ ಕಡೆ ಬಣ್ಣ ಕಚ್ಚಿಕೊಳ್ಳುತ್ತದೆ, ಉಳಿದ ಕಡೆ ತೊಳೆದು ಬಿಸಿಲಿಗೆ ಹಾಕಿದರೆ ಬಿಳಿಯಾಗುತ್ತದೆ. ನೀಲಿ ಬೇಕಾದರೆ ನೀಲಿ ಗಿಡದ ಬಣ್ಣ. ಆಗ ಬಿಳಿ ಉಳಿಯಬೇಕಾದ ಜಾಗಕ್ಕೆಲ್ಲ ಮೇಣ ಬಳಿಯಬೇಕು. ಹಸಿರಿಗೆ ನೀಲಿಯ ಮೇಲೆ ಹಳದಿ. ಹೀಗೆ ಒಂದು ಬಟ್ಟೆಗೆ ವಾರಗಟ್ಟಲೆ ಕೆಲಸ. 17, 18ನೇ ಶತಮಾನದಲ್ಲಿ ಇಡೀ ಯೂರೋಪು ನಮ್ಮ ಚೀಟಿ ಬಟ್ಟೆಗೆ ಮರುಳಾಗಿತ್ತು. ಅಲ್ಲಿನ ನೇಕಾರರು ಗಲಾಟೆ ಮಾಡಿ, ಫ್ರಾನ್ಸಿನಲ್ಲೂ ಇಂಗ್ಲೆಂಡಿನಲ್ಲೂ ಅದನ್ನು ತರಬಾರದೆಂದು ಕಾನೂನನ್ನೇ ಮಾಡಬೇಕಾಯಿತು.

ಹಳದಿಗೆ ಮಾತ್ರ ಆಯಸ್ಸು ಕಡಿಮೆ. ಬೆಳಕು ಬಿದ್ದಂತೆ ಮೊದಲು ಹೋಗುವ ಬಣ್ಣ ಅದು. ಅದಕ್ಕೇ ಹಳೆಯ ಚೀಟಿ ಬಟ್ಟೆಗಳಲ್ಲಿ ಎಷ್ಟೋ ಸಲ ಎಲೆಗಳು ನೀಲಿಯಾಗಿ ಕಾಣುತ್ತವೆ. ಕಲಾವಿದ ನೀಲಿ ಎಲೆ ಬರೆದದ್ದಲ್ಲ. ಹಸಿರಿನೊಳಗಿನ ಹಳದಿ ಎದ್ದು ಹೋಗಿ ನೀಲಿ ಉಳಿದದ್ದು.

ಈ ಡೇರೆಯನ್ನು ಕ್ಲೈವ್ ಮನೆಯವರು ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಲಿಲ್ಲ. ತೋಟದಲ್ಲಿ ಪಾರ್ಟಿ ಇದ್ದಾಗ ಅತಿಥಿಗಳಿಗೆ ನೆರಳಿಗೆಂದು ಕಟ್ಟುತ್ತಿದ್ದರು. ಟಿಪ್ಪು ಸುಲ್ತಾನನ ಡೇರೆಯ ಕೆಳಗೆ ಕೂತು ಚಹಾ ಕುಡಿದು ಕೇಕು ತಿಂದು ಕೈ ಒರೆಸಿಕೊಂಡವರು ಎಷ್ಟು ಜನವೋ! ಇದನ್ನು ಓದಿದಾಗ ನನಗೆ ಸಿಟ್ಟು ಬಂದದ್ದು ನಿಜ. ಗೆದ್ದವರಿಗೆ ಸೋತವರ ಮನೆ ಶಾಮಿಯಾನವಾಗುತ್ತದೆ. ಆದರೆ ಅಷ್ಟೆಲ್ಲ ಆದ ಮೇಲೂ ಅದು ಉಳಿದಿದೆ ಎಂಬುದು ಆ ಬಣ್ಣಗಾರರ ಹೆಚ್ಚುಗಾರಿಕೆ.

ಈಗ ಅದನ್ನು ಪೂರ್ತಿ ಎತ್ತಿ ನಿಲ್ಲಿಸುವುದು ತೀರ ಅಪರೂಪ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂನಲ್ಲಿ 2015ರ ಅಕ್ಟೋಬರಿನಿಂದ 2016ರ ಜನವರಿಯವರೆಗೆ ನಡೆದ ಭಾರತದ ಬಟ್ಟೆಗಳ ದೊಡ್ಡ ಪ್ರದರ್ಶನಕ್ಕೆ ಈ ಡೇರೆಯನ್ನು ಒಯ್ದಿದ್ದರು. ಮೂರು ತಿಂಗಳಿಗೆ ಸ್ವಲ್ಪ ಮೇಲೆ, ಅಷ್ಟೇ. ಪೋವಿಸ್‌ನಲ್ಲಿ ನಮಗೆ ಕಂಡದ್ದು ಅದರ ಒಂದು ಭಾಗ ಮಾತ್ರ, ಅದೂ ಮಬ್ಬು ಬೆಳಕಿನಲ್ಲಿ.

“ಲೈಟ್ ಯಾಕೆ ಹಾಕಿಲ್ಲ ಇವರು? ಕರೆಂಟ್ ಉಳಿಸ್ತಾರಾ?” ಎಂದಳು ಪುಟ್ಟಿ ಕನ್ನಡದಲ್ಲಿ, ಜೋರಾಗಿ. ಕೋಣೆಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅಜ್ಜಿಯೊಬ್ಬರಿಗೆ ಭಾಷೆ ತಿಳಿಯದಿದ್ದರೂ ಕೈ ತೋರಿಸಿದ್ದು ದೀಪದ ಕಡೆಗೆ ಎಂಬುದು ತಿಳಿಯಿತು. ಈ ಮನೆಗಳಲ್ಲಿ ಕೋಣೆಗೊಬ್ಬರಂತೆ ಸ್ವಯಂಸೇವಕರು ಇರುತ್ತಾರೆ, ಹೆಚ್ಚಿನವರು ನಿವೃತ್ತರು. ನೀವು ಕೇಳದಿದ್ದರೆ ಸುಮ್ಮನಿರುತ್ತಾರೆ, ಕೇಳಿದರೆ ಅರ್ಧ ಗಂಟೆ ಬಿಡುವುದಿಲ್ಲ. ಆ ಅಜ್ಜಿ ಎದ್ದು ಬಂದು ಪುಟ್ಟಿಗೆ ಬೆಳಕಿನ ಲೆಕ್ಕ ಹೇಳಿಕೊಟ್ಟರು.

ಬೆಳಕನ್ನು ಅಳೆಯುವ ಮಾನ ಲಕ್ಸ್. ಒಂದು ಮೇಣದ ಬತ್ತಿ ಹಚ್ಚಿ ಒಂದು ಮೀಟರ್ ದೂರದಲ್ಲಿ ಕಾಗದ ಹಿಡಿದರೆ ಅದರ ಮೇಲೆ ಬೀಳುವುದು ಹೆಚ್ಚೂ ಕಡಿಮೆ 1 ಲಕ್ಸ್. ಹಳೆಯ ಬಟ್ಟೆಗಳ ಮೇಲೆ ಬೀಳುವ ಬೆಳಕು 50 ಲಕ್ಸ್ ಮೀರಬಾರದು ಎಂಬುದು ಮ್ಯೂಸಿಯಂನವರು ಪಾಲಿಸುವ ನಿಯಮ. ನಡು ಮಧ್ಯಾಹ್ನದ ನೇರ ಬಿಸಿಲೋ, 1 ಲಕ್ಷ ಲಕ್ಸ್! ಬೆಳಕಿನ ಹಾನಿಯ ವಿಷಯದಲ್ಲಿ ಕೆಟ್ಟದ್ದೆಂದರೆ ಅದು ಕೂಡುತ್ತಾ ಹೋಗುತ್ತದೆ, ಕಳೆಯುವುದಿಲ್ಲ. ಇವತ್ತು ಬಿಸಿಲಿಗಿಟ್ಟು ನಾಳೆ ಕತ್ತಲಲ್ಲಿಟ್ಟರೆ ಬಟ್ಟೆ ಸುಧಾರಿಸಿಕೊಳ್ಳುವುದಿಲ್ಲ. ಒಂದು ಬಟ್ಟೆಗೆ ತಡೆದುಕೊಳ್ಳುವ ಶಕ್ತಿ ಇಷ್ಟೇ ಬೆಳಕು ಎಂದಿದ್ದರೆ ಅದನ್ನು ಹತ್ತು ವರ್ಷದಲ್ಲಿ ಖರ್ಚು ಮಾಡಬಹುದು, ಇನ್ನೂರು ವರ್ಷಕ್ಕೂ ಹಂಚಬಹುದು. ತಾತ ಬಿಟ್ಟುಹೋದ ಇಡುಗಂಟಿನ ಹಾಗೆ.

ಎಷ್ಟು ಖರ್ಚಾಯಿತು ಎಂದು ತಿಳಿಯಲು ಅವರಲ್ಲೊಂದು ಸೊಗಸಾದ ಸಾಧನವಿದೆ. ಪುಟ್ಟ ರಟ್ಟಿನ ಮೇಲೆ ನೀಲಿ ಉಣ್ಣೆಯ ಎಂಟು ಪಟ್ಟಿ ಅಂಟಿಸಿರುತ್ತಾರೆ. ಒಂದೊಂದು ಪಟ್ಟಿ ಒಂದೊಂದು ವೇಗದಲ್ಲಿ ಮಾಸುತ್ತದೆ. ಅದನ್ನು ಅರ್ಧ ಮುಚ್ಚಿ ಕೋಣೆಯಲ್ಲಿಟ್ಟು, ವರ್ಷದ ಕೊನೆಗೆ ಮುಚ್ಚಿದ ಅರ್ಧಕ್ಕೂ ತೆರೆದ ಅರ್ಧಕ್ಕೂ ಎಷ್ಟು ಅಂತರ ಬಿತ್ತೆಂದು ನೋಡುತ್ತಾರೆ. ಮಕ್ಕಳೇ, ಇದನ್ನು ನೀವೂ ಮಾಡಬಹುದು. ಬಣ್ಣದ ಕಾಗದವೊಂದನ್ನು ಬಿಸಿಲು ಬೀಳುವ ಕಿಟಕಿಯಲ್ಲಿಟ್ಟು, ಅರ್ಧಕ್ಕೆ ದಪ್ಪ ಪುಸ್ತಕ ಹೇರಿ. ಒಂದು ತಿಂಗಳು ಬಿಟ್ಟು ಎತ್ತಿ ನೋಡಿ. ಪುಸ್ತಕ ಮಾತ್ರ ಪಠ್ಯಪುಸ್ತಕ ಆಗದಿರಲಿ, ಓದದಿರಲು ಒಳ್ಳೆಯ ನೆಪ ಸಿಕ್ಕೀತು.

ಬೆಳಕಷ್ಟೇ ಶತ್ರುವಲ್ಲ. ಉಣ್ಣೆ ರೇಷ್ಮೆಗಳಿಗೆ ನುಸಿ ಹುಳು. ನಮ್ಮ ಮನೆಗಳಲ್ಲಿ ಟ್ರಂಕಿಗೆ ಡಾಂಬರು ಗುಳಿಗೆ ಹಾಕುತ್ತೇವೆ, ಬೇವಿನೆಲೆ ಇಡುತ್ತೇವೆ. ಅಲ್ಲಿ ಹುಳು ಬಿದ್ದ ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೈನಸ್ 30 ಡಿಗ್ರಿಯ ಫ್ರೀಜರಿನಲ್ಲಿ ದಿನಗಟ್ಟಲೆ ಇಡುತ್ತಾರೆ. ಮೊಟ್ಟೆ ಮರಿ ಎಲ್ಲ ಸಾಯುತ್ತವೆ, ಬಟ್ಟೆಗೆ ಏನೂ ಆಗುವುದಿಲ್ಲ. ದೂಳು ತೆಗೆಯುವಾಗ ಬಟ್ಟೆಯ ಮೇಲೆ ಸೊಳ್ಳೆ ಪರದೆಯಂಥ ಬಲೆ ಹಾಸಿ, ಅದರ ಮೇಲಿಂದ ಹೀರುತ್ತಾರೆ, ದಾರ ಎದ್ದು ಬರದಿರಲಿ ಎಂದು. ಹಳೆಯ ಕುರ್ಚಿಗಳ ಮೇಲೆ ಯಾರೂ ಕೂರಬಾರದೆಂದು ಬೋರ್ಡು ಹಾಕುವ ಬದಲು ಒಣಗಿದ ಮುಳ್ಳುಹೂವನ್ನೋ ಪೈನ್ ಮರದ ಕಾಯಿಯನ್ನೋ ಇಟ್ಟಿರುತ್ತಾರೆ. ಓದು ಬಾರದವರಿಗೂ ಅರ್ಥವಾಗುವ ಬೋರ್ಡು ಅದು!

ಪೋವಿಸ್ ಸೇರಿದಂತೆ ಇಂಥ ನೂರಾರು ಮನೆಗಳನ್ನು ನೋಡಿಕೊಳ್ಳುವುದು 1895ರಲ್ಲಿ ಶುರುವಾದ ನ್ಯಾಷನಲ್ ಟ್ರಸ್ಟ್. ತೆರಿಗೆ ಕಟ್ಟಲಾಗದೆಯೋ ವಾರಸುದಾರರಿಲ್ಲದೆಯೋ ಜಮೀನ್ದಾರರು ಬಿಟ್ಟುಕೊಟ್ಟ ಮನೆಗಳೇ ಬಹಳ. ಪೋವಿಸ್ 1952ರಲ್ಲಿ ಬಂತು. ಕೆಲವು ಕಡೆ ಮನೆ ತೆರೆದಾಗ ಏನೇನೋ ಸಿಕ್ಕಿದೆ. ಡರ್ಬಿಶೈರಿನ ಕಾಲ್ಕ್ ಅಬ್ಬೆ ಎಂಬ ಮನೆಯವರು ಯಾವುದನ್ನೂ ಎಸೆಯದ ಜನ. ಒಂದು ಕೋಣೆ ತುಂಬಿದರೆ ಬಾಗಿಲು ಹಾಕಿ ಮುಂದಿನ ಕೋಣೆಗೆ ಹೋಗುತ್ತಿದ್ದರಂತೆ. 1985ರಲ್ಲಿ ಟ್ರಸ್ಟ್ ಅದನ್ನು ವಹಿಸಿಕೊಂಡಾಗ ಪೆಟ್ಟಿಗೆಗಳಲ್ಲಿ ಕಟ್ಟಿಟ್ಟ ಹಾಗೇ ಒಂದು ಮಂಚದ ಚೀನೀ ರೇಷ್ಮೆಯ ಪರದೆಗಳು ಸಿಕ್ಕವು. 18ನೇ ಶತಮಾನದ ಮೊದಲ ಭಾಗದ್ದು. ಇನ್ನೂರೈವತ್ತು ವರ್ಷ ಬೆಳಕನ್ನೇ ಕಾಣದ್ದರಿಂದ ಬಣ್ಣ ನಿನ್ನೆ ಹಾಕಿದಷ್ಟು ಹೊಸದು. ಕಸೂತಿಯಲ್ಲಿ ಮರದ ಗಂಟುಗಳನ್ನು ಮಾಡಲು ನವಿಲುಗರಿಯ ಎಳೆ ಸುತ್ತಿದ್ದಾರೆ. ಈಗ ಅದು ಗಾಜಿನ ಹಿಂದೆ, ಕತ್ತಲ ಕೋಣೆಯಲ್ಲಿದೆ. ಉಳಿದದ್ದು ಯಾರೂ ನೋಡದ್ದರಿಂದ. ಈಗ ನಾವೆಲ್ಲ ನೋಡುತ್ತಿದ್ದೇವೆ, ಅಂದರೆ ಸವೆಯಲು ಶುರು!

ಉಡುಪುಗಳ ವಿಷಯದಲ್ಲಂತೂ ಇದು ದಿನನಿತ್ಯದ ತಲೆನೋವು. ಡೆವನ್ ಸೀಮೆಯ ಕಿಲರ್ಟನ್ ಎಂಬ ಮನೆಯಲ್ಲಿ ಸಾವಿರಾರು ಹಳೆಯ ಉಡುಪುಗಳಿವೆ. ಒಂದು ವರ್ಷ ಕೆಲವನ್ನು ಹೊರಗಿಟ್ಟು, ಮರುವರ್ಷ ಅವನ್ನು ಒಳಗಿಟ್ಟು ಬೇರೆಯವನ್ನು ತೆಗೆಯುತ್ತಾರೆ. ಸ್ನೋಸ್‌ಹಿಲ್ ಮನೆಯ ಚಾರ್ಲ್ಸ್ ವೇಡ್ ಎಂಬ ವಿಚಿತ್ರ ಆಸಾಮಿ ಸುಮಾರು ಎರಡು ಸಾವಿರ ಹಳೆಯ ಉಡುಪು, ಟೋಪಿ, ಜೋಡು ಕೂಡಿಹಾಕಿದ್ದ. ಬಂದ ಗೆಳೆಯರಿಗೆಲ್ಲ ಅವನ್ನು ತೊಡಿಸಿ ನಾಟಕ ಆಡಿಸುತ್ತಿದ್ದ. ಇಂದು ಅವನ್ನು ಬೇರೊಂದು ಮನೆಯಲ್ಲಿ ಭದ್ರವಾಗಿ ಇಟ್ಟಿದ್ದಾರೆ. ತೊಡುವುದಿರಲಿ, ಮುಟ್ಟುವ ಹಾಗೂ ಇಲ್ಲ. ಪೋವಿಸ್‌ನಲ್ಲೂ ಸಾರೋಟು ಮನೆಯಲ್ಲಿ ಸೇವಕರ ಸಮವಸ್ತ್ರಗಳನ್ನು ಇಟ್ಟಿದ್ದಾರೆ. ನನಗೆ ದೊರೆಯ ನಿಲುವಂಗಿಗಿಂತ ಅವೇ ಇಷ್ಟವಾದವು. ಅದನ್ನು ಉಟ್ಟವನು ಮಳೆಯಲ್ಲಿ ಸಾರೋಟಿನ ಹಿಂದೆ ನಿಂತಿರುತ್ತಿದ್ದ, ದೊರೆ ಒಳಗೆ ಬೆಚ್ಚಗೆ ಕೂತಿರುತ್ತಿದ್ದ. ಆ ಸೇವಕನ ಬಟ್ಟೆ ಈ ಮಟ್ಟಿಗೆ ಉಳಿಯುವುದೇ ಅಪರೂಪ. ಬಡವರ ಬಟ್ಟೆ ಹರಿಯುವ ತನಕ ಉಟ್ಟು, ಹರಿದ ಮೇಲೆ ಕೌದಿಯಾಗಿ, ಕೊನೆಗೆ ನೆಲ ಒರೆಸುವ ಅರಿವೆಯಾಗುತ್ತದೆ. ಮ್ಯೂಸಿಯಂ ತನಕ ಬರುವುದಿಲ್ಲ.

ಇನ್ನು 12 ವರ್ಷದ ವಿಷಯ. ಎಡ್ವರ್ಡ್ ಮದರಾಸಿನಲ್ಲಿದ್ದಾಗ ಹೆನ್ರಿಯೆಟ್ಟಾ ತನ್ನ ಇಬ್ಬರು ಹೆಣ್ಣುಮಕ್ಕಳನ್ನೂ ಕರೆತಂದಿದ್ದಳು. ಕಿರಿಯವಳು ಷಾರ್ಲೆಟ್, ಮನೆಯಲ್ಲಿ ‘ಚಾರ್ಲಿ’. ಶ್ರೀರಂಗಪಟ್ಟಣ ಬಿದ್ದು ಹತ್ತು ತಿಂಗಳಾಗುವಷ್ಟರಲ್ಲಿ, 1800ರ ಮಾರ್ಚಿಯಲ್ಲಿ, ಗಂಡನನ್ನು ಮದರಾಸಿನಲ್ಲೇ ಬಿಟ್ಟು ಈ ತಾಯಿ ಮಕ್ಕಳು ಆನೆ, ಎತ್ತಿನಗಾಡಿ, ನೂರಾರು ಆಳುಗಳೊಂದಿಗೆ ದಕ್ಷಿಣ ಭಾರತ ನೋಡಲು ಹೊರಟರು. ವೆಲ್ಲೂರು, ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು, ಅಲ್ಲಿಂದ ಕೊಯಮತ್ತೂರು, ತಿರುಚಿರಾಪಳ್ಳಿ, ತಂಜಾವೂರು ಸುತ್ತಿ ಅಕ್ಟೋಬರಿನಲ್ಲಿ ವಾಪಸಾದರು. ಏಳು ತಿಂಗಳು, ಸಾವಿರ ಮೈಲಿಗೂ ಹೆಚ್ಚು. ಚಾರ್ಲಿಗೆ ಆಗ 12. ದಾರಿಯುದ್ದಕ್ಕೂ ಅವಳು ದಿನಚರಿ ಬರೆದಳು. ಅದರ ಪ್ರತಿ ಇಂದು ಬ್ರಿಟಿಷ್ ಲೈಬ್ರರಿಯಲ್ಲಿದೆ. ತಾಯಿಯ ಪತ್ರಗಳ ಜೊತೆ ಅದರ ಭಾಗಗಳು 2009ರಲ್ಲಿ ಪುಸ್ತಕವಾಗಿಯೂ ಬಂದಿವೆ. ಮಕ್ಕಳ ಜೊತೆಗಿದ್ದ ಇಟಲಿಯ ಚಿತ್ರಗಾರ್ತಿ ಅನ್ನಾ ಟೊನೆಲ್ಲಿ ಹುಲಿ ಸಿಂಹಾಸನದ ಮೇಲೆ ಕೂತ ಟಿಪ್ಪುವಿನ ಚಿತ್ರ ಬರೆದಳು, ಅದೂ ಪೋವಿಸ್‌ನಲ್ಲಿದೆ. ಗಮನಿಸಿ, ಅವಳು ಬಂದದ್ದು ಸಿಂಹಾಸನ ಒಡೆದ ಮೇಲೆ. ಟಿಪ್ಪುವನ್ನೂ ನೋಡಿಲ್ಲ, ಸಿಂಹಾಸನವನ್ನೂ ಇಡಿಯಾಗಿ ನೋಡಿಲ್ಲ. ಕೇಳಿದ್ದನ್ನು ಬರೆದದ್ದು.

ಆ ಹೊತ್ತಿಗೆ ಟಿಪ್ಪುವಿನ ಗಂಡುಮಕ್ಕಳನ್ನು ವೆಲ್ಲೂರಿನ ಕೋಟೆಯಲ್ಲಿ ಇಟ್ಟಿದ್ದರು. ಮೈಸೂರಿನ ಗಾದಿಯ ಮೇಲೆ ಐದಾರು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರು. ಯುದ್ಧದ ಗುಂಡಿನ ಗುರುತು ಮಾಸದ ಊರಿನಲ್ಲಿ ಒಬ್ಬ ಹುಡುಗಿ ಆನೆಯ ಮೇಲೆ ಕೂತು ಎಲ್ಲವನ್ನೂ ಕಣ್ಣರಳಿಸಿ ನೋಡುತ್ತಿದ್ದಾಳೆ, ಅವಳಿಗದು ಪ್ರವಾಸ. ಅದೇ ಬೀದಿಯಲ್ಲಿ ಅವಳದೇ ವಯಸ್ಸಿನ ಎಷ್ಟೋ ಮಕ್ಕಳಿಗೆ ಅಪ್ಪ ಇಲ್ಲ, ಮನೆ ಇಲ್ಲ. ಅವರು ಯಾರೂ ದಿನಚರಿ ಬರೆಯಲಿಲ್ಲ. ಇದನ್ನು ನಾನು ಪುಟ್ಟಿಗೆ ಹೇಳಿದೆ. ಅವಳು ಚಾರ್ಲಿಯನ್ನು ಬಿಟ್ಟುಕೊಡಲಿಲ್ಲ. “ಅವಳೇನು ಮಾಡ್ತಾಳೆ ದೊಡ್ಡಮ್ಮ, ಅವಳನ್ನ ಕರ್ಕೊಂಡು ಬಂದಿದ್ದು ಅವರಮ್ಮ ತಾನೇ?” ಎಂದಳು. ಅದೂ ಸರಿಯೇ.

ಚಾರ್ಲಿ ಮುಂದೆ ನಾರ್ತಂಬರ್ಲೆಂಡಿನ ಡಚೆಸ್ ಆದಳು. ರಾಜಕುಮಾರಿ ವಿಕ್ಟೋರಿಯಾಳಿಗೆ ಶಿಕ್ಷಣದ ಮೇಲ್ವಿಚಾರಕಿಯೂ ಆಗಿದ್ದಳು. ಗಿಡಗಳ ಹುಚ್ಚು ಅವಳಿಗೆ ಅಮ್ಮನಿಂದ ಬಂದಿರಬೇಕು. ದಕ್ಷಿಣ ಆಫ್ರಿಕದ ಒಂದು ಗಿಡ ಅವಳ ತೋಟದಲ್ಲಿ ಹೂ ಬಿಟ್ಟಾಗ 1828ರಲ್ಲಿ ಸಸ್ಯವಿಜ್ಞಾನಿ ಲಿಂಡ್ಲಿ ಅದಕ್ಕೆ ಅವಳ ತವರಿನ ಹೆಸರಿಟ್ಟ. ನರ್ಸರಿಗಳಲ್ಲಿ ಕಿತ್ತಳೆ ಬಣ್ಣದ ಗೊಂಚಲು ಹೂವಿನ ಕ್ಲೈವಿಯ ನೋಡಿದ್ದೀರಲ್ಲ, ಅದೇ.

ಪುಟ್ಟಿ ಕೇಳಿಯೇ ಕೇಳುತ್ತಾಳೆ ಎಂದು ನಾನು ಕಾಯುತ್ತಿದ್ದ ಪ್ರಶ್ನೆ ಡೇರೆಯ ಮುಂದೆ ಬಂತು. “ಇದು ನಮ್ಮದಲ್ವಾ? ವಾಪಸ್ ಕೊಡಬೇಕು ಅಲ್ವಾ?” ತಂಗಿ ಮಗಳ ಬಾಯಿ ಮುಚ್ಚಿಸಲು ನೋಡಿದಳು. ನಾನು ಬೇಡವೆಂದೆ. ಈ ಪ್ರಶ್ನೆಯನ್ನು ಈಗ ಬ್ರಿಟನ್ನಿನವರೇ ಕೇಳುತ್ತಿದ್ದಾರೆ. ತನ್ನ ಸುಪರ್ದಿನಲ್ಲಿರುವ 93 ಮನೆ, ಜಾಗಗಳಿಗೆ ಗುಲಾಮರ ವ್ಯಾಪಾರದ ಅಥವಾ ವಸಾಹತುಗಳ ನಂಟಿದೆ ಎಂದು ನ್ಯಾಷನಲ್ ಟ್ರಸ್ಟ್ 2020ರಲ್ಲಿ ತಾನೇ ವರದಿ ಪ್ರಕಟಿಸಿತು. ಪೋವಿಸ್ ಅದರಲ್ಲಿದೆ. ಆ ವರದಿಗೆ ಅಲ್ಲಿ ದೊಡ್ಡ ಗದ್ದಲವೇ ಆಯಿತು. ತೋಟ ನೋಡಿ ಚಹಾ ಕುಡಿದು ಹೋಗಲು ಬರುವವರಿಗೆ ಇದೆಲ್ಲ ಯಾಕೆ ಎಂದವರೂ ಇದ್ದರು.

ನನ್ನ ಮಟ್ಟಿಗೆ, ಸಿಂಹಾಸನದ ಹುಲಿ ತಲೆಗಳು ಒಂದಲ್ಲ ಒಂದು ದಿನ ಒಟ್ಟಿಗೆ ಸೇರಬೇಕು, ಅದೂ ಕಾವೇರಿಯ ದಂಡೆಯಲ್ಲಿ. ಚಿನ್ನಕ್ಕೆ ಬೆಳಕಿನ ಭಯವಿಲ್ಲ. ಡೇರೆಯ ವಿಷಯಕ್ಕೆ ಬಂದರೆ ಅಷ್ಟು ಸಲೀಸಾಗಿ ಬಾಯಿ ಬರುವುದಿಲ್ಲ. ಅದನ್ನು ತಂದರೆ ಸಾಲದು, ತಣ್ಣನೆಯ, ತೇವವಿಲ್ಲದ, ಕತ್ತಲ ಕೋಣೆ ಬೇಕು. ನುಸಿ ಬಂತೇ ಎಂದು ದಿನಾ ನೋಡುವ ಕಣ್ಣು ಬೇಕು. ಅಂಥ ಕೋಣೆ ಕಟ್ಟುವುದು ನಮ್ಮಿಂದ ಆಗದ ಕೆಲಸವೇನಲ್ಲ. ಕಟ್ಟಿ, ಆಮೇಲೆ ಕೇಳಿದರೆ ನಮ್ಮ ದನಿಗೆ ಇನ್ನಷ್ಟು ತೂಕ ಬರುತ್ತದೆ ಎಂದೆ. ಪುಟ್ಟಿಗೆ ಈ ಉತ್ತರ ಅಷ್ಟಾಗಿ ಹಿಡಿಸಲಿಲ್ಲ. “ಕೊಡೋದು ಬಿಡೋದು ಆಮೇಲೆ, ಮೊದಲು ಸಾರಿ ಅನ್ನಬಹುದಲ್ವಾ?” ಎಂದಳು. ಅದನ್ನು ಇಂಗ್ಲಿಷಿನಲ್ಲಿ ಆ ಸ್ವಯಂಸೇವಕಿ ಅಜ್ಜಿಗೂ ಹೇಳಿದಳು. ಅವರು ಒಂದು ಗಳಿಗೆ ಸುಮ್ಮನಿದ್ದು, ಪುಟ್ಟಿಯ ಕೈಗೊಂದು ಪೆನ್ಸಿಲ್ ಕೊಟ್ಟು, “ಆ ಹೂದಾನಿಯ ಚಿತ್ರ ಬರೆದುಕೊಳ್ಳುವೆಯಾ?” ಎಂದರು. ಪೆನ್ನು ಕೂಡದು, ಇಂಕು ಸಿಡಿದೀತೆಂಬ ಭಯ. ಪುಟ್ಟಿ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಬರೆದಳು. ಎಡಗಡೆಗೆ ಏಳು ಹೂ ಬಂದರೆ ಬಲಗಡೆಗೂ ಏಳು ಬರಬೇಕು, ಎಣಿಸಿ ಎಣಿಸಿ.

ಅಷ್ಟು ದೂರ ಹೋಗಲಾಗದವರು ಟ್ರಸ್ಟಿನ ಸಂಗ್ರಹಗಳ ಜಾಲತಾಣದಲ್ಲಿ ಪೋವಿಸ್‌ನ ವಸ್ತುಗಳ ಚಿತ್ರಗಳನ್ನು ನೋಡಬಹುದು. ಅದಕ್ಕಿಂತ ಹತ್ತಿರದ್ದು ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್. ಟಿಪ್ಪು 1784ರಲ್ಲಿ ಕಟ್ಟಿಸಿದ ಬೇಸಿಗೆಯ ಅರಮನೆ. ಗೋಡೆ, ಕಂಬ, ಚಾವಣಿ, ಬೆರಳಿಡಲು ಜಾಗವಿಲ್ಲದ ಹಾಗೆ ಹೂವು ಬಳ್ಳಿ. ಡೇರೆಯೊಳಗೆ ಕೂತರೆ ಹೇಗಿರುತ್ತಿತ್ತು ಎಂಬುದರ ಅಂದಾಜು ನಿಮಗಲ್ಲಿ ಸಿಗುತ್ತದೆ. ಹೊರಗಿನಿಂದ ನೋಡಿದರೆ ಅರಮನೆಯ ಸುತ್ತಲೂ ದೊಡ್ಡ ದೊಡ್ಡ ಹಸಿರು ಪರದೆಗಳು ಇಳಿಬಿದ್ದಿರುತ್ತವೆ. ಫೋಟೊ ಚೆನ್ನಾಗಿ ಬರಲಿಲ್ಲ ಎಂದು ಬಹಳ ಜನ ಗೊಣಗುತ್ತಾರೆ. ಆ ಪರದೆಗಳು ಇರುವುದು ಒಳಗಿನ ಚಿತ್ರಗಳಿಗೆ ಬಿಸಿಲು ತಾಗದಿರಲಿ ಎಂದು. ಒಳಗೆ ಹೋದ ಮೇಲೆ ಕಣ್ಣು ಮಬ್ಬಿಗೆ ಹೊಂದಿಕೊಳ್ಳಲು ಎರಡು ನಿಮಿಷ ಬೇಕಾಗುತ್ತದೆ. ಮೊದಲು ಕೆಂಪು ಕಾಣುತ್ತದೆ, ಆಮೇಲೆ ಒಂದೊಂದಾಗಿ ಉಳಿದ ಬಣ್ಣಗಳು.